ಲೊರೆಟಾ ಮೇಡಂ ಶ್ರುತಿ ಇಳಿಸಿದ ವರ್ಷ

ಜಪಾನಿನ ಉರಯಾಸುವಿನ ನಮ್ಮ ಈಗಿನ ಫ್ಲ್ಯಾಟಿನ ಪಕ್ಕದ ಮನೆಯ ಅಜ್ಜಿ ಡಿಸೆಂಬರ್ ಬಂತೆಂದರೆ ಕಿಂಕನ್ ಬೇಯಿಸುತ್ತಾರೆ. ಕಿಂಕನ್ ಎಂದರೆ ಹೆಬ್ಬೆರಳಿನ ತುದಿಯಷ್ಟೇ ಇರುವ ಪುಟಾಣಿ ಕಿತ್ತಳೆ. ಸಿಪ್ಪೆ ಸಮೇತ ಜೇನುತುಪ್ಪದಲ್ಲಿ ಬೇಯಿಸಿ ಬಾಟಲಿಗೆ ತುಂಬಿಟ್ಟು, ಗಂಟಲು ಕಟ್ಟಿದಾಗ ಬಿಸಿನೀರಿಗೆ ಹಾಕಿಕೊಂಡು ಕುಡಿಯುತ್ತಾರೆ. ನಿನ್ನೆ ಆ ಹುಳಿಸಿಹಿ ವಾಸನೆ ಬಾಲ್ಕನಿ ದಾಟಿ ನಮ್ಮ ಅಡುಗೆಮನೆಗೆ ಬಂತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಸೌಟು ಹಿಡಿದುಕೊಂಡೇ ಕಾವಾಸಾಕಿಗೆ ಹೋಗಿಬಿಟ್ಟೆ. ಇಲ್ಲಿ ಸಾಸಿವೆ ಸೀದುಹೋಯಿತು.

ಕಾವಾಸಾಕಿಯಲ್ಲಿ ನಾವು ಕೆಲವು ವರ್ಷ ಇದ್ದೆವು. ನೆನಪಿನಲ್ಲಿ ಉಳಿದಿರುವುದು ಮಾತ್ರ ಒಂದೇ ವರ್ಷ. ನನ್ನ ಗಂಡ ಗಿರೀಶನನ್ನು ಅವನ ಬೆಂಗಳೂರಿನ ಕಂಪನಿ ಅಲ್ಲಿಗೆ ಕಳಿಸಿತ್ತು. ನಾನು ಸುಮ್ಮನೆ ಮನೆಯಲ್ಲಿ ಕೂರುವ ಪೈಕಿ ಅಲ್ಲ. ಪಂಪು ತಯಾರಿಸುವ ಕಾರ್ಖಾನೆಯೊಂದರ ಆಫೀಸಿನಲ್ಲಿ, ಪಂಪುಗಳು ಎಷ್ಟು ಸದ್ದು ಮಾಡುತ್ತವೆ ಎಂದು ಅಳೆಯುವ ಕೆಲಸ ಹಿಡಿದೆ. ಸದ್ದು ಕಡಿಮೆ ಮಾಡಿದರೆ ಶಹಬ್ಬಾಸ್‌ಗಿರಿ, ಜಾಸ್ತಿಯಾದರೆ ಮೀಟಿಂಗು. ಇಡೀ ದಿನ ಸದ್ದನ್ನು ಅದುಮಿ ಮನೆಗೆ ಬಂದರೆ, ಅಲ್ಲಿ ಲಿಫ್ಟಿನಲ್ಲೂ ಒಂದು ನೋಟೀಸು ಕಾದಿತ್ತು: ಕಟ್ಟಡದಲ್ಲಿ ಹಾಡಿನ ಸದ್ದು ಕೇಳಿಬರುತ್ತಿದೆ, ಕೆಲವರಿಗೆ ತೊಂದರೆಯಾಗುತ್ತಿರಬಹುದು, ದಯವಿಟ್ಟು ಗಮನಿಸಿ. ಯಾರ ಹೆಸರೂ ಇರಲಿಲ್ಲ. ಹೆಸರು ಹಾಕದೆ ಬೈಯುವುದು ಅಲ್ಲಿಯ ಸಭ್ಯತೆ.

"ಅದು ನಿಂದೇ ಕಣೇ," ಎಂದ ಗಿರೀಶ. "ಬೆಳಗ್ಗೆ ಎದ್ದು ಪಾತ್ರೆ ತೊಳೀತಾ ಕಾನ್ಸರ್ಟ್ ಶುರು ಮಾಡ್ತೀಯಲ್ಲ."

"ಗುನುಗೋದು ಕಾನ್ಸರ್ಟಾ? ನಿನ್ನ ಗೊರಕೆಗೆ ಯಾರೂ ನೋಟೀಸ್ ಹಾಕಿಲ್ಲ, ನೋಡು."

ಎರಡನೇ ತರಗತಿಯಲ್ಲಿದ್ದ ಮಗಳು ಅನ್ವಿ ಹೋಮ್‌ವರ್ಕಿನಿಂದ ತಲೆ ಎತ್ತದೆ, "ಅಮ್ಮಾ, ಶಿಝುಕಾನಿ," ಎಂದಳು. ಸದ್ದು ಬೇಡ ಎಂದು ಅದರ ಅರ್ಥ. ಶಾಲೆಯಲ್ಲಿ ಕಲಿತದ್ದನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೈಸೂರಿನಲ್ಲಿ ಸರಸಮ್ಮ ಟೀಚರ ಹತ್ತಿರ ಹೈಸ್ಕೂಲು ಮುಗಿಯುವವರೆಗೂ ಸಂಗೀತ ಕಲಿತವಳು ನಾನು. ಮದುವೆ, ಕೆಲಸ, ಮಗು ಅಂತ ಅದು ಪಾತ್ರೆ ತೊಳೆಯುವ ಜಾಗಕ್ಕೆ ಬಂದು ನಿಂತಿತ್ತು. ಅಲ್ಲಿಂದಲೂ ಎಬ್ಬಿಸಿದರೆ ಹೇಗೆ? ಮರುದಿನ ಶನಿವಾರ ಸೈಕಲ್ ಹತ್ತಿ ತಾಮಾ ಹೊಳೆಯ ಕಡೆ ಹೊರಟೆ.

ಆ ಊರಿನಲ್ಲಿ ಗೋಡೆಗಳು ತೆಳು, ಮರ್ಯಾದೆ ದಪ್ಪ. ಹಾಗಾಗಿ ಸದ್ದು ಮಾಡಲೇಬೇಕೆನ್ನುವವರೆಲ್ಲ ಹೊಳೆಯ ದಂಡೆಗೆ ಬರುತ್ತಾರೆ. ಅದರಲ್ಲೂ ರೈಲು ಸೇತುವೆಯ ಕೆಳಗೆ. ಟ್ರಂಪೆಟ್ ಊದುವವರು, ಡ್ರಮ್ ಬಾರಿಸುವವರು, ಮದುವೆಯ ಭಾಷಣ ಅಭ್ಯಾಸ ಮಾಡುವವರು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ತಮ್ಮ ಪಾಡಿಗೆ ತಾವು ಸಾಧನೆ ಮಾಡುತ್ತಾರೆ. ನಾನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಒಂದು ಹೆಣ್ಣು ದನಿ ಎದ್ದಿತು. ಪ್ಲಾಸ್ಟಿಕ್ ಸ್ಟೂಲಿನ ಪಕ್ಕದಲ್ಲಿ ನಿಂತು, ಕೊರಳಿಗೆ ನೇರಳೆ ಸ್ಕಾರ್ಫ್ ಸುತ್ತಿಕೊಂಡ ದೊಡ್ಡ ಮೈಕಟ್ಟಿನ, ನೆರೆತ ಗುಂಗುರು ಕೂದಲಿನ ಕಪ್ಪು ಹೆಂಗಸು ಹಾಡುತ್ತಿದ್ದರು. ತಲೆಯ ಮೇಲೆ ರೈಲು ಧಡಧಡ ಬಂತು. ಟ್ರಂಪೆಟ್ಟಿನವರು ನಿಲ್ಲಿಸಿದರು, ಡ್ರಮ್ಮಿನವರು ನಿಲ್ಲಿಸಿದರು. ಈಕೆ ನಿಲ್ಲಿಸಲಿಲ್ಲ. ರೈಲು ಹೋದ ಮೇಲೂ ಆ ದನಿ ಅಲ್ಲೇ ಇತ್ತು.

ಮುಖ ಕಂಡಾಗ ಗುರುತು ಸಿಕ್ಕಿತು. ನಮ್ಮದೇ ಕಟ್ಟಡದ ನಾಲ್ಕನೇ ಮಹಡಿಯವರು. ಕಸ ಹಾಕುವ ಜಾಗದಲ್ಲಿ ಎದುರಾದಾಗ ತಲೆ ಬಾಗಿಸಿದ್ದು ಬಿಟ್ಟರೆ ಮಾತು ಆಡಿರಲಿಲ್ಲ. ಲಿಫ್ಟಿನ ನೋಟೀಸು ನಿಮ್ಮ ಬಗ್ಗೆಯೇ ಇರಬೇಕಲ್ಲ ಎಂದು ನಾನೇ ಮಾತು ತೆಗೆದೆ.

"ಮತ್ತೆ ಇನ್ಯಾರ ಬಗ್ಗೆ?"

"ನನ್ನ ಬಗ್ಗೆ ಅಂದುಕೊಂಡಿದ್ದೆ. ನಾನೂ ಹಾಡ್ತೀನಿ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನ್ನ ದನಿ ಅಡುಗೆಮನೆ ದಾಟಿರೋದು ನಾನು ಕೇಳಿಲ್ಲ. ಆ ನೋಟೀಸು ನಂದು. ನನ್ನಿಂದ ಕಿತ್ಕೋಬೇಡ."

ಅವರು ಆಡಿದ್ದು ಅಮೆರಿಕದ ದಕ್ಷಿಣದ ಕಡೆಯ ಇಂಗ್ಲಿಷು. ನನ್ನ ಕಿವಿಗೆ ಮಾತ್ರ ಅದು ನಮ್ಮಜ್ಜಿಯ ಧಾಟಿಯ ಕನ್ನಡವಾಗಿಯೇ ಬೀಳುತ್ತಿತ್ತು. ಹಾಗೆಯೇ ಬರೆಯುತ್ತಿದ್ದೇನೆ.

ಹೆಸರು ಲೊರೆಟಾ. ಅಲಬಾಮಾದ ಯಾವುದೋ ಸಣ್ಣ ಊರು, ಅಪ್ಪ ಶಾಲೆಯ ಬಸ್ಸಿನ ಡ್ರೈವರು, ಅಮ್ಮ ಆಸ್ಪತ್ರೆಯ ಅಡುಗೆಯವರು. ಚರ್ಚಿನಲ್ಲಿ ಹಾಡಿಕೊಂಡಿದ್ದ ಹುಡುಗಿ ಸ್ಕಾಲರ್‌ಶಿಪ್ ಸಿಕ್ಕಿ ಸಂಗೀತ ಕಾಲೇಜು ಸೇರಿ, ಅಲ್ಲಿಂದ ಜರ್ಮನಿಗೆ ಹೋಗಿ ಒಪೆರಾ ಹಾಡಿದರು. ಒಪೆರಾ ಎಂದರೆ ನಮ್ಮ ಕಂಪನಿ ನಾಟಕದ ಹಾಗೆ ಹಾಡಿಕೊಂಡೇ ಆಡುವ ಆಟ, ಆದರೆ ಮೈಕಿಲ್ಲ. ವಾದ್ಯಗೋಷ್ಠಿಯ ಅಬ್ಬರ ದಾಟಿ ಕೊನೆಯ ಸಾಲಿನ ಕುರ್ಚಿಗೆ ಬರಿಯ ಗಂಟಲು ತಲುಪಬೇಕು. ಅಲ್ಲೊಬ್ಬ ನಿರ್ದೇಶಕ ವರ್ಷಗಟ್ಟಲೆ ಅವರಿಗೆ ದಾಸಿಯ ಪಾತ್ರಗಳನ್ನೇ ಕೊಡುತ್ತಿದ್ದನಂತೆ. ಒಮ್ಮೆ ರಾಣಿಯ ಪಾತ್ರ ಕೊಟ್ಟವನು, ಮುಖಕ್ಕೆ ಸ್ವಲ್ಪ ಬಿಳಿ ಪೌಡರ್ ಹಚ್ಚಿಕೋ ಎಂದನಂತೆ.

"ಏನು ಮಾಡಿದ್ರಿ?"

"ಪೌಡರ್ ಡಬ್ಬಿ ಅವನ ಕೈಲಿಟ್ಟೆ. ನೀನೇ ಹಚ್ಕೊಂಡು ನೀನೇ ಹಾಡು ಅಂದೆ. ಆಮೇಲೆ ಕೋಟು ಹಾಕ್ಕೊಂಡು ಹೊರಗೆ ಬಂದೆ. ಹೊರಗೆ ಬಂದ ಮೇಲೆ ಅತ್ತೆ, ಅದೂ ಹೇಳ್ಬೇಕು."

ಆಮೇಲೆ ಒಂದು ಸಂಗೀತ ಕಛೇರಿಗೆಂದು ಜಪಾನಿಗೆ ಬಂದವರು ಇಲ್ಲಿಯ ಸಂಗೀತ ಕಾಲೇಜಿನಲ್ಲಿ ಪಾಠ ಹೇಳುತ್ತಾ ಉಳಿದುಬಿಟ್ಟರು. ಕಾಲೇಜಿನಿಂದ ನಿವೃತ್ತಿಯಾಗಿತ್ತು. ಉಳಿದದ್ದು ಒಂದೇ ವೇದಿಕೆ. ಪ್ರತಿ ಡಿಸೆಂಬರಿನಲ್ಲಿ ನಮ್ಮ ವಾರ್ಡಿನ ಸಭಾಂಗಣದಲ್ಲಿ ವರ್ಷಾಂತ್ಯದ ಕಛೇರಿ ನಡೆಯುತ್ತದೆ. ಊರಿನ ನಿವೃತ್ತರು, ಗೃಹಿಣಿಯರು, ಅಂಗಡಿಯವರು ಸೇರಿ ವೃಂದಗಾನ ಹಾಡುತ್ತಾರೆ, ಕೊನೆಗೆ ಪಿಯಾನೋ ಜೊತೆ ಲೊರೆಟಾ ಮೇಡಂ ಒಬ್ಬರೇ ಒಂದು ದೊಡ್ಡ ಹಾಡು ಹಾಡುತ್ತಾರೆ. ಅದೇ ಹಾಡು, ಪ್ರತಿ ವರ್ಷ. ಅದರ ತುದಿಯಲ್ಲಿ ಒಂದು ಎತ್ತರದ ಸ್ವರವಿದೆ. ಆ ಸ್ವರ ಕೇಳಲೆಂದೇ ಜನ ಬರುತ್ತಿದ್ದರು.

ಏಪ್ರಿಲ್‌ನಿಂದ ನಮ್ಮಿಬ್ಬರ ಶನಿವಾರಗಳು ಸೇತುವೆಯ ಕೆಳಗೆ ಕಳೆದವು. ನಾನು ಫೋನಿನಲ್ಲಿ ತಂಬೂರಿ ಹಾಕಿಕೊಂಡು ಹಾಡುತ್ತಿದ್ದೆ. ಮೊದಲ ಸಲ ಅದನ್ನು ಕೇಳಿ ಅವರು ಹುಬ್ಬು ಗಂಟಿಕ್ಕಿದರು. "ಇದು ಏನು ಮಾಡುತ್ತೆ?"

"ಏನೂ ಮಾಡಲ್ಲ ಮೇಡಂ. ಇರುತ್ತೆ, ಅಷ್ಟೆ."

"ನನ್ನ ಎರಡನೇ ಗಂಡನ ಹಾಗೆ," ಎಂದರು.

ಜೂನಿನ ಮಳೆ ಹಿಡಿದಾಗ ಸೇತುವೆಯೇ ನಮಗೆ ಕೊಡೆಯಾಯಿತು. ನನ್ನ ದನಿ ಹಲ್ಲಿನ ಹಿಂದೆ ಅವಿತು ಕೂತಿದೆ ಎಂದು ಬೈದು, ಬೆನ್ನಿಗೆ ಅಂಗೈ ಒತ್ತಿ, "ಇಲ್ಲಿಂದ ತೆಗಿ" ಎನ್ನುತ್ತಿದ್ದರು. ನಾನು ತೊಡೆ ತಟ್ಟಿಕೊಂಡು ತಾಳ ಹಾಕಿದರೆ, ಸೊಳ್ಳೆ ಹೊಡೀತಿದ್ದೀಯಾ ಎಂದು ಕೇಳುತ್ತಿದ್ದರು. ಆಗಸ್ಟಿನ ಸೆಕೆಯಲ್ಲಿ ಒದ್ದೆ ಟವೆಲು ಕೊರಳಿಗೆ ಹಾಕಿಕೊಂಡು ಹಾಡಿದೆವು. ಸೆಪ್ಟೆಂಬರಿನಲ್ಲಿ ಚಂಡಮಾರುತ ಬಂದು ಹೊಳೆ ದಂಡೆ ಹತ್ತಿತು. ನಾವು ನಿಲ್ಲುತ್ತಿದ್ದ ಜಾಗ ಕೆಸರಾಗಿ, ಬೇಲಿಗೆ ಹುಲ್ಲು, ಪ್ಲಾಸ್ಟಿಕ್ಕು ಸಿಕ್ಕಿಕೊಂಡು, ಒಂದು ತಿಂಗಳು ಅತ್ತ ಕಾಲಿಡುವಂತಿರಲಿಲ್ಲ. ಆಗ ಸ್ಟೇಷನ್ನಿನ ಹತ್ತಿರದ ಕರಾವೋಕೆಯ ಕೋಣೆ ಹಿಡಿದೆವು. ಆಫೀಸಿನ ಗಂಡಸರು ಕುಡಿದು ಕಿರುಚುವುದಕ್ಕೆಂದು ಕಟ್ಟಿದ ಆ ಪುಟ್ಟ ಕೋಣೆಯಲ್ಲಿ ಲೊರೆಟಾ ಮೇಡಂ ಬೆಳಗ್ಗೆ ಹನ್ನೊಂದಕ್ಕೆ ಕಿತ್ತಳೆ ಜ್ಯೂಸು ಕುಡಿಯುತ್ತಾ ಒಪೆರಾ ಹಾಡಿದರು. ಅಂಥ ಸುಖ ನಾನು ಜಪಾನಿನಲ್ಲಿ ಮತ್ತೆ ಕಂಡಿಲ್ಲ.

ನವೆಂಬರಿನ ಮೊದಲಲ್ಲಿ ಒಗಾವಾ ಸಾನ್ ಬಂದರು; ಸಾನ್ ಅಂದರೆ ನಮ್ಮ ರಾಯರು ಎಂದ ಹಾಗೆ. ವರ್ಷಾಂತ್ಯದ ಕಛೇರಿಯ ಸಮಿತಿಗೆ ಅವರು ಅಧ್ಯಕ್ಷರು, ಬಹಳ ಮೃದು ಮನುಷ್ಯ. ಆವತ್ತು ನಾನು ಮೇಡಂ ಮನೆಯಲ್ಲೇ ಇದ್ದೆ. ಅವರು ಕಿಂಕನ್ ಬೇಯಿಸುವುದನ್ನು ಕಲಿಸುತ್ತಿದ್ದರು, ಮನೆಯೆಲ್ಲ ಅದೇ ವಾಸನೆ. ಒಗಾವಾ ಸಾನ್ ಚಹಾ ಕುಡಿದು, ಹವೆಯ ಬಗ್ಗೆ ಮಾತಾಡಿ, ಕೊನೆಗೆ ಸುರುಳಿ ಸುತ್ತಿ ತಂದಿದ್ದ ಪೋಸ್ಟರನ್ನು ಎರಡೂ ಕೈಯಿಂದ ಬಿಡಿಸಿ ತೋರಿಸಿದರು. ಮೇಡಂ ಅವರ ಚಂದದ ಫೋಟೋ. ಕೆಳಗೆ ದೊಡ್ಡ ಅಕ್ಷರದಲ್ಲಿ: ಲೊರೆಟಾ ಸೆನ್ಸೇ, ಕೊನೆಯ ಕಛೇರಿ. ಸೆನ್ಸೇ ಎಂದರೆ ಗುರುಗಳು.

"ಯಾರ ಕೊನೆ?" ಎಂದು ಕೇಳಿದರು ಮೇಡಂ, ಜಪಾನಿ ಭಾಷೆಯಲ್ಲಿ.

"ಸೆನ್ಸೇ ಇಷ್ಟು ವರ್ಷ ನಮಗಾಗಿ ಹಾಡಿದ್ದೀರಿ. ಎಲ್ಲರೂ ಸೇರಿ ಒಮ್ಮೆ ಸರಿಯಾಗಿ ಧನ್ಯವಾದ ಹೇಳಬೇಕು ಅಂತ..."

"ನಾನು ಹೋಗ್ತೀನಿ ಅಂತ ಯಾರಿಗೆ ಹೇಳಿದೆ?"

ಒಗಾವಾ ಸಾನ್ ಹಲ್ಲಿನ ಸಂದಿಯಿಂದ ಸುಂಯ್ ಎಂದು ಗಾಳಿ ಎಳೆದುಕೊಂಡರು. ಆ ಊರಿನಲ್ಲಿ ಆ ಸದ್ದಿಗೆ, ಹೇಳುವುದು ಕಷ್ಟ, ನೀವೇ ಅರ್ಥ ಮಾಡಿಕೊಳ್ಳಿ ಎಂದರ್ಥ. ಆಮೇಲೆ ಬಟ್ಟಲನ್ನೇ ನೋಡುತ್ತಾ, "ಹೋದ ವರ್ಷ ಆ ಎತ್ತರದ ಜಾಗದಲ್ಲಿ... ಸೆನ್ಸೇಗೆ ಸ್ವಲ್ಪ ದಣಿವಾಗಿತ್ತೇನೋ..." ಎಂದು ಮಾತು ನಿಲ್ಲಿಸಿದರು.

ಹೋದ ವರ್ಷ ಆ ಸ್ವರ ಒಡೆದಿತ್ತು. ಮೇಡಂಗೆ ಅದು ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಒಗಾವಾ ಸಾನ್ ಬೆನ್ನು ಬಗ್ಗಿಸಿ ಬಗ್ಗಿಸಿ ನಮಸ್ಕರಿಸುತ್ತಾ ಹೊರಟ ಮೇಲೆ ಮೇಡಂ ಪೋಸ್ಟರನ್ನು ಗೋಡೆಗೆ ಒರಗಿಸಿಟ್ಟು ತುಂಬ ಹೊತ್ತು ನೋಡಿದರು. "ಆ ಸ್ವರ ಬಂದ್ರೆ ವೇದಿಕೆ ನಂದು. ಬರದೇ ಇದ್ರೆ ಇದು ನಿಜ," ಎಂದರು. ಕೇಳದೆ, ಬೈಯದೆ, ಹೂವು ಕೊಟ್ಟು ಹೊರಗೆ ಹಾಕುವುದು ಎಂಥ ನಾಜೂಕು!

ಮುಂದಿನ ಶನಿವಾರ ಮತ್ತೆ ಸೇತುವೆಯ ಕೆಳಗೆ ಹೋದೆವು. ಚಳಿ ಶುರುವಾಗಿತ್ತು. ಅವರು ಆ ಜಾಗಕ್ಕೆ ಏರಿದರು, ದನಿ ಒಡೆಯಿತು. ನೀರು ಕುಡಿದು ಮತ್ತೆ ಏರಿದರು, ಮತ್ತೆ ಒಡೆಯಿತು. ಟ್ರಂಪೆಟ್ಟಿನವರು ಮರ್ಯಾದೆಗೆ ಹೊಳೆಯ ಕಡೆ ತಿರುಗಿ ನಿಂತರು. ಇನ್ನು ನೋಡಲಾರದೆ ನಾನು ಬಾಯಿ ಬಿಟ್ಟೆ.

"ಮೇಡಂ, ಶ್ರುತಿ ಇಳಿಸಿಬಿಡಿ."

"ಏನಂದೆ?"

"ಇಡೀ ಹಾಡನ್ನ ಸ್ವಲ್ಪ ಕೆಳಗಿಂದ ಶುರು ಮಾಡಿ. ಎರಡು ಮೆಟ್ಟಿಲು ಇಳಿಸಿದ್ರೆ ಆ ಸ್ವರ ಆರಾಮಾಗಿ ಸಿಗುತ್ತೆ. ನಮ್ಮಲ್ಲಿ ಎಲ್ಲರೂ ಹಂಗೇ ಮಾಡೋದು."

ನಾನೇನೋ ಉಪಕಾರ ಮಾಡಿದೆ ಎಂದುಕೊಂಡಿದ್ದೆ. ನಮ್ಮವರು ಮಾತ್ರ ಆಡಬಹುದಾದ ಮೂರ್ಖ ಮಾತು ಅದು ಎಂದು ಅವರ ಮುಖ ನೋಡಿದ ಮೇಲೆ ತಿಳಿಯಿತು. ನಮ್ಮ ಸಂಗೀತದಲ್ಲಿ ಹಾಡುವವರ ಗಂಟಲು ಯಾವುದೋ ಅದೇ ಶ್ರುತಿ. ಅವರಲ್ಲಿ ಹಾಗಲ್ಲ. ಹಾಡು ಬರೆದವನು ಎಷ್ಟು ಎತ್ತರದಲ್ಲಿ ಬರೆದಿದ್ದಾನೋ ಅಷ್ಟೇ ಎತ್ತರದಲ್ಲಿ ಹಾಡಬೇಕು. ಇಳಿಸುವುದೆಂದರೆ ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

"ನಲವತ್ತು ವರ್ಷ ಇದೇ ಎತ್ತರದಲ್ಲಿ ನಿಂತಿದ್ದೀನಿ," ಎಂದರು. "ಕೆಳಗೆ ಬಾ ಅಂತ ಹೇಳಿದವರೆಲ್ಲ ಬೇರೆ ಬೇರೆ ಕಾರಣ ಹೇಳಿದ್ರು. ನಿಂದು ಹೊಸದು. ನಡಿ ಇಲ್ಲಿಂದ."

ನನಗೂ ಸಿಟ್ಟು ಬಂತು. ಸೈಕಲ್ ತಿರುಗಿಸುತ್ತಲೇ ಕೂಗಿದೆ. "ನಮ್ಮ ಸರಸಮ್ಮ ಟೀಚರು ಐದು ಕಟ್ಟೆಯ ಎತ್ತರದ ಶ್ರುತಿಗೆ ಹಾಡ್ತಿದ್ದೋರು, ವಯಸ್ಸಾದ ಮೇಲೆ ಮೂರಕ್ಕೆ ಇಳಿಸಿದ್ರು. ಜನ ಮುಂದೆ ಕೂತು ತಲೆದೂಗಿದ್ರೇ ಹೊರತು ಯಾರೂ ಬಂದು ಬೀಳ್ಕೊಡುಗೆ ಹಾರ ಹಾಕ್ಲಿಲ್ಲ. ಯಾಕೆ ಟೀಚರ್ ಅಂತ ಕೇಳಿದ್ರೆ, ಶ್ರುತಿ ನಂದು ಕಣೇ, ಊರವರದ್ದಲ್ಲ ಅನ್ನೋರು!" ಒಂದು ರೈಲು ಬಂತು. ಎಷ್ಟು ಕೇಳಿಸಿತೋ ಗೊತ್ತಾಗಲಿಲ್ಲ.

"ನಿಂಗ್ಯಾಕೆ ಬೇಕಿತ್ತು ಉಸಾಬರಿ?" ಎಂದ ಗಿರೀಶ. "ಅವರು ಒಪೆರಾ ಸಿಂಗರ್, ನೀನು ಪಂಪ್ ಇಂಜಿನಿಯರ್." ಹೌದು, ಆದರೆ ಆ ವಾರಗಳಲ್ಲಿ ನನಗೆ ಊಟ ಸೇರಲಿಲ್ಲ. ಲಿಫ್ಟಿನಲ್ಲಿ ಸಿಕ್ಕರೂ ಮೇಡಂ, ಬಾಗಿಲ ಮೇಲೆ ಓಡುವ ಅಂಕಿಗಳನ್ನೇ ನೋಡುತ್ತಿದ್ದರು. ಅವರಿಲ್ಲದ ಶನಿವಾರ ಬಿಕೋ ಎನ್ನುತ್ತಿತ್ತು.

ನವೆಂಬರ್ ಮುಗಿಯುತ್ತಾ ಬಂದ ಒಂದು ಭಾನುವಾರ ಬೆಳಗ್ಗೆ ಬೆಲ್ ಆಯಿತು. ಬಾಗಿಲಲ್ಲಿ ಲೊರೆಟಾ ಮೇಡಂ. ಒಳಗೆ ಬಂದು ಚಪ್ಪಲಿ ಬಿಟ್ಟು, ನಡುಮನೆಯ ಮಧ್ಯೆ ನಿಂತು, "ಆ ಗುಂಯ್‌ಗುಡೋದನ್ನ ಹಾಕು," ಎಂದರು. ಕ್ಷಮಿಸು ಗಿಮಿಸು ಏನೂ ಇಲ್ಲ. ನಾನು ತಂಬೂರಿ ಹಾಕಿ ಎರಡು ಮೆಟ್ಟಿಲು ಇಳಿಸಿದೆ. ಕಿಟಕಿ ಮುಚ್ಚಲು ಹೋದ ಗಿರೀಶನಿಗೆ ಕಣ್ಣಲ್ಲೇ ಹೇಳಿದೆ, ಮುಟ್ಟಬೇಡ.

ಹಾಡಿದರು. ಚೆನ್ನಾಗಿ ಕುದಿಸಿ ಗಟ್ಟಿ ಮಾಡಿದ ಹಾಲಿನ ಹಾಗಿತ್ತು ದನಿ. ಸೇತುವೆಯ ಕೆಳಗೆ ಅವರು ಮೇಲಕ್ಕೆ ಹಾರುವ ಆತುರದಲ್ಲಿ ನನಗೆ ಎಂದೂ ಕೇಳಿಸದಿದ್ದ ತಳದ ಬನಿ ಎಲ್ಲ ಈಗ ಕೇಳಿಸಿತು. ಆ ಜಾಗ ಬಂತು. ಸ್ವರ ಬಂತು, ನಿಂತಿತು, ಅವರಿಗೆ ಬೇಕಾದಷ್ಟು ಹೊತ್ತು ನಿಂತಿತು. ಶಿಝುಕಾನಿ ಎನ್ನುತ್ತಿದ್ದ ನನ್ನ ಮಗಳು ಪೆನ್ಸಿಲ್ ಬಿಟ್ಟು ಎದ್ದು ಬಂದು ಬಾಯಿ ತೆರೆದು ನಿಂತಿದ್ದಳು. ನಾನು ಅತ್ತೆ. ಮೇಡಂ ಅಳಲಿಲ್ಲ, ಅವರಿಗೆ ಕೋಪ ಬಂದಿತ್ತು.

"ಕದ್ದು ಇಳಿಸಿದವರನ್ನ ಬೇಕಾದಷ್ಟು ನೋಡಿದ್ದೀನಿ," ಎಂದರು. "ಪಿಯಾನೋದವನ ಕೈಲಿ ಆಣೆ ಹಾಕಿಸಿಕೊಳ್ಳೋರು. ಯಾರಿಗಾದ್ರೂ ಗೊತ್ತಾದ್ರೆ ಸತ್ತೇ ಹೋದೆ ಅನ್ನೋರು. ನಾನು ಕದಿಯಲ್ಲ. ಹೇಳಿ ಇಳಿಸ್ತೀನಿ."

ಸಮಿತಿಗೆ ಹೇಳಿದರು. ಸಮಿತಿ ಗಾಳಿ ಎಳೆದುಕೊಂಡಿತು. ಹೀಗೆ ಹಿಂದೆ ಯಾರೂ ಮಾಡಿದ ಉದಾಹರಣೆ ಇಲ್ಲವಲ್ಲ ಎಂದಿತು. ಜಪಾನಿನಲ್ಲಿ ಹಿಂದಿನ ಉದಾಹರಣೆ ಇಲ್ಲದಿದ್ದರೆ ಕಸದ ಬುಟ್ಟಿಯ ಜಾಗವನ್ನೂ ಬದಲಿಸುವುದಿಲ್ಲ. ಆಗ ಲೊರೆಟಾ ಮೇಡಂ, "ಉದಾಹರಣೆ ಭಾರತದಲ್ಲಿದೆ, ಕರ್ಕೊಂಡು ಬರ್ತೀನಿ," ಎಂದುಬಿಟ್ಟರು. ಹೀಗೆ ಪಂಪಿನ ಸದ್ದು ಅಳೆಯುವ ನಾನು, ಆಫೀಸಿನ ಸೂಟು ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು, ಒಂದು ಮಧ್ಯಾಹ್ನ ಸಮಿತಿಯ ಉದ್ದ ಮೇಜಿನ ಮುಂದೆ ಭಾರತೀಯ ಸಂಪ್ರದಾಯವಾಗಿ ಕುಳಿತೆ.

ಒಂದೇ ಸಾಲನ್ನು ಐದು ಕಟ್ಟೆಗೆ ಹಾಡಿದೆ, ಮತ್ತೆ ಮೂರಕ್ಕೆ ಹಾಡಿದೆ. ಬೆನ್ನಿನಿಂದ ತೆಗೆದೇ ಹಾಡಿದೆ. "ಯಾವುದು ಸರಿಯಾದ ಹಾಡು, ಯಾವುದು ತಪ್ಪು, ಹೇಳಿ," ಎಂದೆ, ನನ್ನ ಹರಕುಮುರುಕು ಜಪಾನಿಯಲ್ಲಿ. ವೃಂದಗಾನದ ಹಿರಿಯ ಹೆಂಗಸೊಬ್ಬರು, "ಎರಡೂ ಅದೇ ಹಾಡು," ಎಂದರು. "ಕೆಳಗಿನದ್ದು ನನಗೆ ಹೆಚ್ಚು ಹಿಡಿಸಿತು." ಅಲ್ಲಿಗೆ ಗಂಟು ಬಿಚ್ಚಿತು. ಭಾರತದ ಪದ್ಧತಿಯನ್ನು ಅನುಸರಿಸಿ ಹಾಡಲಾಗುವುದು ಎಂದು ಒಗಾವಾ ಸಾನ್ ನೆಮ್ಮದಿಯಿಂದ ಬರೆದುಕೊಂಡರು. ಪೋಸ್ಟರುಗಳು ಮಾತ್ರ ಆಗಲೇ ಸ್ಟೇಷನ್ನಿನ ಗೋಡೆಯಲ್ಲೆಲ್ಲ ಹತ್ತಿದ್ದವು. ಅವನ್ನು ಕೀಳುವ ಮಾತು ಬಂದಾಗ ಸಮಿತಿ ಮತ್ತೆ ಗಾಳಿ ಎಳೆದುಕೊಂಡಿತು.

"ಇರಲಿ ಬಿಡಿ," ಎಂದರು ಮೇಡಂ, ಹೊರಗೆ ಬಂದು. "ಕಾಗದಕ್ಕೆ ಬಾಯಿಲ್ಲ. ನನಗಿದೆ."

ಡಿಸೆಂಬರಿನ ಆ ಭಾನುವಾರ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಕೊನೆಯದು ಎಂದರೆ ಜನ ಹೆಚ್ಚು ಬರುತ್ತಾರೆ. ಎಷ್ಟೋ ಜನ ಆಗಲೇ ಕರವಸ್ತ್ರ ತೆಗೆದಿಟ್ಟುಕೊಂಡಿದ್ದರು. ವೃಂದಗಾನ ಮುಗಿಯಿತು. ಲೊರೆಟಾ ಮೇಡಂ ಕೆಂಪು ಗೌನು ತೊಟ್ಟು ನಡೆದು ಬಂದು, ಪಿಯಾನೋದವರಿಗೆ ಕೈ ಎತ್ತಿ ತಡೆದು, ಸಭೆಯ ಕಡೆ ತಿರುಗಿದರು. ಅವರಿಗೆ ಮೈಕು ಬೇಕಿರಲಿಲ್ಲ.

"ಸುಮಿಮಾಸೆನ್, ಕ್ಷಮಿಸಿ, ಎರಡು ಮಾತು," ಎಂದರು, ಅಲಬಾಮಾದ ಎಳೆತವಿದ್ದ ಜಪಾನಿಯಲ್ಲಿ. "ಈ ಹಾಡನ್ನು ಈ ವರ್ಷದಿಂದ ಎರಡು ಮೆಟ್ಟಿಲು ಕೆಳಗೆ ಹಾಡುತ್ತೇನೆ. ನನ್ನ ಗಂಟಲಿಗೆ ವಯಸ್ಸಾಗಿದೆ. ನಿಮ್ಮ ಮೊಣಕಾಲಿಗೂ ಆಗಿದೆ, ಆದರೂ ನೀವು ಮೆಟ್ಟಿಲು ಹತ್ತಿ ಇಲ್ಲಿಗೆ ಬಂದಿದ್ದೀರಿ. ಹಳೆಯ ಎತ್ತರವೇ ಬೇಕು ಅನ್ನುವವರು ನನ್ನ ಹಳೆಯ ಸೀಡಿ ಹಾಕಿಕೊಳ್ಳಿ. ಇವತ್ತಿನ ನಾನು ಇಲ್ಲಿದ್ದೇನೆ."

ಅವರು ಹಾಡಿದರು. ನಾನು ಮೂರನೇ ಸಾಲಿನಲ್ಲಿ ಗಿರೀಶನ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದೆ. ಆ ಜಾಗ ಹತ್ತಿರ ಬಂತು. ಅವರು ಅಲ್ಲಿಗೆ ಏರಿದರು. ಏರಿದ ಹಾಗೆಯೇ ಕಾಣಲಿಲ್ಲ, ತಮ್ಮ ಮನೆಯ ಬಾಗಿಲು ತೆಗೆದು ಒಳಗೆ ಹೋದ ಹಾಗೆ ಹೋದರು. ಹಾಡು ಮುಗಿದ ಮೇಲೆ ಆ ಸಭ್ಯ ಜನ, ಲಿಫ್ಟಿನಲ್ಲಿ ನೋಟೀಸು ಅಂಟಿಸುವ ಜನ, ಎದ್ದು ನಿಂತು ಚಪ್ಪಾಳೆ ತಟ್ಟುತ್ತಾ ಕಾಲಿನಿಂದ ನೆಲ ಬಡಿದರು.

ಚಪ್ಪಾಳೆ ನಿಲ್ಲುವ ಮೊದಲೇ ಒಗಾವಾ ಸಾನ್ ಕಪ್ಪು ಸೂಟಿನಲ್ಲಿ ವೇದಿಕೆಗೆ ಬಂದರು. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ಅವರ ಮುಖವನ್ನೇ ಮುಚ್ಚುವಷ್ಟು ದೊಡ್ಡ ಬೀಳ್ಕೊಡುಗೆಯ ಹೂಗುಚ್ಛ. ಇಷ್ಟು ವರ್ಷಗಳ ಸೇವೆಗೆ, ಎಂದು ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಶುರು ಮಾಡಿದರು. ಮೇಡಂ ಕೈ ಚಾಚಿ ಹೂವು ತೆಗೆದುಕೊಂಡರು, ಮೂಸಿ ನೋಡಿದರು.

"ಅರಿಗಾತೋ, ಒಗಾವಾ ಸಾನ್," ಎಂದು ಧನ್ಯವಾದ ಹೇಳಿದರು, ಕೊನೆಯ ಸಾಲಿನ ಕುರ್ಚಿಗೂ ಕೇಳುವ ಹಾಗೆ. "ಮುಂದಿನ ವರ್ಷ ಸ್ವಲ್ಪ ಚಿಕ್ಕದು ತನ್ನಿ. ನನ್ನ ಮನೆಯಲ್ಲಿ ಇಷ್ಟು ದೊಡ್ಡ ಹೂದಾನಿ ಇಲ್ಲ."

ಒಗಾವಾ ಸಾನ್ ಬೆಪ್ಪಾಗಿ ನಿಂತರು. ಆಮೇಲೆ, ದೊಡ್ಡವರು ಏನಾದರೂ ಹೇಳಿದರೆ ಜಪಾನಿನ ಯಾವ ಮನುಷ್ಯನೂ ಮಾಡುವುದನ್ನೇ ಮಾಡಿದರು. ಸೊಂಟದವರೆಗೆ ಬಾಗಿ, ಮೈಕು ಬಾಯಿಯ ಹತ್ತಿರ ಇರುವುದನ್ನೂ ಮರೆತು, "ಹಾಯ್," ಎಂದರು. ಹಾಯ್ ಎಂದರೆ ಆಗಲಿ ಎಂದರ್ಥ. ಅದು ಇಡೀ ಸಭೆಗೆ ಕೇಳಿಸಿತು.